ಆನ್ಸೆಲ್ಮ್ ಹೆಸರು ಹೇಳಿ ಬಾಯಿ ಮುಚ್ಚಿಸಬೇಡಿ

ಈಗಷ್ಟೇ ಒಂದು ಉಪನ್ಯಾಸ ಕೇಳಿ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು, "ದೇವರು ಇದ್ದಾನೆ ಅಂತ ಹೇಗೆ ಹೇಳ್ತೀರಿ ಸರ್?" ಅಂತ ಕೇಳಿದಳು. ಪ್ರಶ್ನೆ ಬರೆದುಕೊಂಡಿದ್ದ ಚೀಟಿ ಕೈಯಲ್ಲಿ ನಡುಗುತ್ತಿತ್ತು. "ಮೊದಲು ನಂಬಮ್ಮ, ಆಮೇಲೆ ಅರ್ಥ ಆಗುತ್ತೆ. ಸಂತ ಆನ್ಸೆಲ್ಮ್ ಹೇಳಿದ್ದೂ ಅದನ್ನೇ. ಕೂತ್ಕೋ" ಅಂದರು ಭಾಷಣಕಾರರು. ಚಪ್ಪಾಳೆ ಬಿತ್ತು. ಅವಳು ಕೂತಳು.

"ಅರ್ಥ ಮಾಡಿಕೊಳ್ಳಲೆಂದು ನಂಬುತ್ತೇನೆ" ಅಂತ ಹನ್ನೊಂದನೇ ಶತಮಾನದ ಕ್ರೈಸ್ತ ಸನ್ಯಾಸಿ ಆನ್ಸೆಲ್ಮ್ ತನ್ನ ಒಂದು ಪುಸ್ತಕದಲ್ಲಿ ಬರೆದದ್ದು ನಿಜ. ಆದರೆ ಅದು ಪ್ರಾರ್ಥನೆಯಲ್ಲಿ ತನ್ನ ಬಗ್ಗೆ ಹೇಳಿಕೊಂಡ ಮಾತು. ಇನ್ನೊಬ್ಬರನ್ನು ಕೂರಿಸಲು ಹೇಳಿದ್ದಲ್ಲ. ಆ ಪುಸ್ತಕಕ್ಕೆ ಅವನು ಮೊದಲು ಇಟ್ಟಿದ್ದ ಹೆಸರೇ "ಅರಿವನ್ನು ಹುಡುಕುವ ನಂಬಿಕೆ". ಪ್ರೊಸ್ಲೋಜಿಯನ್ ಅನ್ನೋ ಹೆಸರು ಆಮೇಲೆ ಬಂತು. ಫ್ರಾನ್ಸಿನ ನಾರ್ಮಂಡಿಯ ಬೆಕ್ ಮಠದಲ್ಲಿ, 1077-78ರ ಹೊತ್ತಿಗೆ ಬರೆದದ್ದು. ದೇವರಿದ್ದಾನೆ ಅಂತ ತೋರಿಸುವ ವಾದ ಕೈಗೆ ಸಿಗದೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ ಅಂತ ಅವನ ಶಿಷ್ಯ ಈಡ್ಮರ್ ಬರೆದಿದ್ದಾನೆ. ಕೊನೆಗೆ ಒಂದು ರಾತ್ರಿಯ ಪ್ರಾರ್ಥನೆಯಲ್ಲಿ ಹೊಳೆಯಿತು. ಮೇಣದ ಹಲಗೆಗಳ ಮೇಲೆ ಬರೆದಿಟ್ಟ. ಅವು ಕಳೆದುಹೋದವು. ಮತ್ತೆ ಬರೆದ. ಈ ಸಲ ಮೇಣ ಚೂರುಚೂರಾಗಿ ನೆಲದ ಮೇಲೆ ಬಿದ್ದಿತ್ತು. ಚೂರು ಆಯ್ದು, ಜೋಡಿಸಿ, ಚರ್ಮದ ಹಾಳೆಗೆ ಇಳಿಸಿದರು. ಸುಮ್ನೆ ನಂಬಿ ಕೂತವನಿಗೆ ಇಷ್ಟೆಲ್ಲ ಪಾಡು ಯಾಕೆ ಬೇಕಿತ್ತು?

ಅವನ ವಾದ ಇಷ್ಟು: ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲು ಆಗುವುದಿಲ್ಲವೋ ಅದು ದೇವರು. ಅದು ಬರೀ ಮನಸ್ಸಿನಲ್ಲಿದ್ದರೆ, ನಿಜವಾಗಿಯೂ ಇರುವುದು ಅದಕ್ಕಿಂತ ದೊಡ್ಡದಾಗುತ್ತೆ ಅಲ್ವಾ? ಹಾಗಾಗಿ ಅದು ಇರಲೇಬೇಕು.

ಇದನ್ನು ಓದಿ ಎದ್ದು ನಿಂತವನು ಮಾರ್ಮೂತಿಯೇ ಮಠದ ಸನ್ಯಾಸಿ ಗೌನಿಲೋ. ಅವನೂ ನಂಬಿಕಸ್ಥನೇ. ಆದರೂ "ದೇವರಿಲ್ಲ" ಅನ್ನುವ, ಬೈಬಲ್ಲಿನ ಕೀರ್ತನೆಯಲ್ಲಿ ಬರುವ ಮೂರ್ಖನ ಪರವಾಗಿ ಬರೆದ. ಎಲ್ಲಕ್ಕಿಂತ ಶ್ರೇಷ್ಠವಾದ ಒಂದು ದ್ವೀಪವನ್ನು ನಾನು ಮನಸ್ಸಿನಲ್ಲಿ ಊಹಿಸಬಲ್ಲೆ, ಅಷ್ಟಕ್ಕೇ ಅದು ಸಮುದ್ರದಲ್ಲಿ ಇದ್ದೇಬಿಡುತ್ತಾ ಅಂತ ಕೇಳಿದ. ಆನ್ಸೆಲ್ಮ್ ಏನು ಮಾಡಿದ? ಉತ್ತರ ಬರೆದ, ಟೀಕೆಗೂ ಹೊಗಳಿಕೆಗೂ ಥ್ಯಾಂಕ್ಸ್ ಹೇಳಿದ. ಮುಂದೆ ತನ್ನ ಪುಸ್ತಕ ನಕಲು ಮಾಡುವವರು ಗೌನಿಲೋನ ಆಕ್ಷೇಪವನ್ನೂ ತನ್ನ ಉತ್ತರವನ್ನೂ ಜೊತೆಗೇ ಸೇರಿಸಬೇಕು ಅಂದ. ಇಂಥವನ ಹೆಸರಲ್ಲಿ "ಕೂತ್ಕೋ" ಅನ್ನುವುದಾ?

"ಅವನೇನು ತನ್ನ ತೀರ್ಮಾನ ಬದಲಿಸಲಿಲ್ಲವಲ್ಲ" ಅಂತ ಪಕ್ಕದಲ್ಲಿದ್ದ ಗೆಳೆಯ ಅಂದ. ಬದಲಿಸಬೇಕು ಅಂತ ನಾನೆಲ್ಲಿ ಹೇಳಿದೆ? ಕೇಳಿದವರಿಗೆ ಉತ್ತರ ಕೊಡಬೇಕು, ಅಷ್ಟೇ. ಆ ವಾದ ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೂ ಆ ಮನುಷ್ಯನ ಮೇಲೆ ನನಗೆ ತುಂಬ ಪ್ರೀತಿ.

ಒಂದು ಮಾತು ಹೇಳಿಬಿಡ್ತೀನಿ. ಪಾಠ ಮಾಡುತ್ತಿದ್ದ ದಿನಗಳಲ್ಲಿ ನಾನೂ ಒಬ್ಬ ಹುಡುಗನಿಗೆ ಹೀಗೇ "ಕೂತ್ಕೋ" ಅಂದಿದ್ದೆ. ಆಮೇಲೆ ಅವನು ನನ್ನ ಕ್ಲಾಸಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇವತ್ತು ಆ ಚಪ್ಪಾಳೆಯ ನಡುವೆ ಅವನ ಮುಖವೇ ಕಣ್ಣ ಮುಂದೆ ಬಂತು.

ಹೊರಗೆ ಬಂದು ಆ ಹುಡುಗಿಯನ್ನು ಹುಡುಕಿದೆ, ಅಷ್ಟರಲ್ಲಿ ಹೋಗಿಬಿಟ್ಟಿದ್ದಳು. ನಿಮ್ಮಲ್ಲಿ ಯಾರಿಗಾದರೂ ಅವಳ ಪರಿಚಯವಿದ್ದರೆ ಗೌನಿಲೋನ ಕತೆ ಹೇಳಿ. ಚೀಟಿಯಲ್ಲಿ ಇನ್ನೂ ಎರಡು ಸಾಲು ಬರೆದಿದ್ದಳು. ಅದನ್ನೂ ಕೇಳಬೇಕಿತ್ತು ನಾನು.