ಡಕ್ಟ್ ಕ್ಲೀನ್ ಮಾಡಿಸುವ ಮುಂಚೆ ಒಮ್ಮೆ ಒಳಗೆ ನೋಡಿ

ಡೆಟ್ರಾಯಿಟ್ ಸುತ್ತಮುತ್ತ ಚಳಿ ಶುರುವಾಗಿದೆ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಈ ವಾರ ಮೂರು ಜನ ಒಂದೇ ಪ್ರಶ್ನೆ ಕೇಳಿದ್ದಾರೆ. "ಏರ್ ಡಕ್ಟ್ ಕ್ಲೀನ್ ಮಾಡೋರು ಯಾರಾದ್ರೂ ಗೊತ್ತಾ?" ಮನೆ ಬಿಸಿ ಮಾಡುವ ಫರ್ನೇಸಿನ ಗಾಳಿಯನ್ನು ಕೋಣೆ ಕೋಣೆಗೆ ಒಯ್ಯುವ ಕೊಳವೆಯೇ ಏರ್ ಡಕ್ಟ್. ಅಲ್ಲೇ ಉತ್ತರ ಹಾಕೋಣ ಅಂತ ಕೂತೆ, ಉದ್ದವಾಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನವೆಂಬರ್‌ನಲ್ಲಿ ಅಮ್ಮ ಹಾಸನದಿಂದ ಬಂದರು. ಅದೇ ವಾರ ಫರ್ನೇಸ್ ಆ ಚಳಿಗಾಲಕ್ಕೆ ಮೊದಲ ಸಲ ಹೊತ್ತಿಕೊಂಡಿತು. ಮನೆ ತುಂಬಾ ಸುಟ್ಟ ಧೂಳಿನ ವಾಸನೆ. ನಾಲ್ಕೇ ದಿನಕ್ಕೆ ಅಮ್ಮನಿಗೆ ಒಣಕೆಮ್ಮು. ಒಂದು ಬೆಳಿಗ್ಗೆ ಬಿಸಿಗಾಳಿ ಬರುವ ನೆಲದ ವೆಂಟಿನ ಜಾಲರಿ ಎತ್ತಿ, ಮೊಬೈಲಿನ ಟಾರ್ಚ್ ಹಾಕಿ ನೋಡಿದರು. "ಇದರೊಳಗಿಂದ ಬರೋ ಗಾಳೀನೇನೋ ನಾವು ಉಸಿರಾಡೋದು? ಯಾವತ್ತಾದ್ರೂ ಗುಡಿಸಿದ್ದೀಯಾ?" ಅಂದರು.

ಆ ಮಾತು ಮನಸ್ಸಿಗೆ ಚುಚ್ಚಿತು. ಅವತ್ತು ರಾತ್ರಿಯೇ ಫೇಸ್‌ಬುಕ್‌ನಲ್ಲಿ ಕಂಡ ಒಂದು ಜಾಹೀರಾತಿಗೆ ಮೆಸೇಜ್ ಕಳಿಸಿದೆ. ಇಡೀ ಮನೆಗೆ 99 ಡಾಲರ್. ಮಾರನೇ ದಿನ ಇಬ್ಬರು ಬಂದರು. ಕೈಯಲ್ಲಿ ಗ್ಯಾರೇಜಿನಲ್ಲಿ ಇಟ್ಟುಕೊಳ್ಳುವಂಥ ಸಾಧಾರಣ ವ್ಯಾಕ್ಯೂಮ್. ಒಂದೊಂದು ವೆಂಟಿಗೂ ಎರಡು ನಿಮಿಷ ಪೈಪ್ ಹಿಡಿದರು. ಆಮೇಲೆ ಒಬ್ಬ ತನ್ನ ಫೋನಿನಲ್ಲಿ ಕಪ್ಪು ಕಲೆಗಳ ಫೋಟೋ ತೋರಿಸಿದ. ಡಕ್ಟ್ ಒಳಗೆ ಬೂಷ್ಟು ಹಿಡಿದಿದೆ, ವಯಸ್ಸಾದವರು ಇರುವ ಮನೆ, ಔಷಧಿ ಸಿಂಪಡಿಸಲೇಬೇಕು, ಇನ್ನೂ 800 ಡಾಲರ್ ಆಗುತ್ತೆ ಅಂದ. ಅಮ್ಮ ಅಲ್ಲೇ ಸೋಫಾ ಮೇಲೆ ಕೆಮ್ಮುತ್ತಾ ಕೂತಿದ್ದರು. ನಾನು ಕಾರ್ಡ್ ಕೊಟ್ಟೆ.

ಕೆಮ್ಮು ನಿಲ್ಲಲಿಲ್ಲ.

ಎರಡು ವಾರ ಬಿಟ್ಟು ಫರ್ನೇಸ್ ತಪಾಸಣೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಂದರು. ಮೊದಲು ಫಿಲ್ಟರ್ ಎಳೆದರು. ಬೂದು ಬಣ್ಣಕ್ಕೆ ತಿರುಗಿ, ಗಾಳಿಯ ಒತ್ತಡಕ್ಕೆ ಬಾಗಿ ಹೋಗಿತ್ತು. ಬದಿಯ ಸಂದಿನಿಂದ ಧೂಳು ಸೀದಾ ಒಳಗೆ ನುಗ್ಗುತ್ತಿತ್ತು. ಆಮೇಲೆ ಫರ್ನೇಸ್ ಪಕ್ಕದ, ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ನೋಡಿದರು. ಅದರ ಗುಂಡಿ ಇನ್ನೂ 'ಸಮ್ಮರ್' ಕಡೆಗೇ ಇತ್ತು, ನೀರಿನ ವಾಲ್ವ್ ಮುಚ್ಚಿತ್ತು. ಮನೆಯೊಳಗಿನ ತೇವಾಂಶ ಶೇ. 18. ಹೊರಗಿನ ಕೊರೆಯುವ ಗಾಳಿಯಲ್ಲಿ ನೀರಿನ ಅಂಶವೇ ಕಮ್ಮಿ. ಅದನ್ನು ಬಿಸಿ ಮಾಡಿದರೆ ಇನ್ನೂ ಒಣ ಅನ್ನಿಸುತ್ತದೆ. ಗಂಟಲು, ಮೂಗು, ತುಟಿ ಎಲ್ಲಾ ಒಣಗುತ್ತವೆ. ಹಾಸನದ ಹವೆಯಲ್ಲಿ ಎಪ್ಪತ್ತು ವರ್ಷ ಬಾಳಿದ ಗಂಟಲಿಗೆ ಅದು ಹೇಗೆ ಒಗ್ಗಬೇಕು ಹೇಳಿ.

ಫಿಲ್ಟರ್ ಬದಲಾಯಿಸಿದೆವು, ವಾಲ್ವ್ ತೆರೆದೆವು. ಒಂದು ವಾರದಲ್ಲಿ ಅಮ್ಮ ರಾತ್ರಿ ಪೂರ್ತಿ ನಿದ್ದೆ ಮಾಡಿದರು. ಮೆಕ್ಯಾನಿಕ್‌ಗೆ ಆ ಬೂಷ್ಟಿನ ಫೋಟೋನೂ ತೋರಿಸಿದ್ದೆ. ನೋಡಿದವರೇ, ಇದು ಬಳುಕುವ ಫ್ಲೆಕ್ಸ್ ಪೈಪು, ನಿಮ್ಮ ಮನೆಯಲ್ಲಿ ಇರೋದೆಲ್ಲ ತಗಡಿನ ಡಕ್ಟು ಅಂದರು. ಅಂದರೆ ಅದು ನಮ್ಮ ಮನೆಯ ಫೋಟೋನೇ ಅಲ್ಲ. ದುಡ್ಡು ಹೋದದ್ದಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು, ಆ ಕ್ಲೀನ್ ಮಾಡೋರು ಅಮ್ಮನ ಕೆಮ್ಮನ್ನು ತೋರಿಸಿ ನನ್ನನ್ನು ಹೆದರಿಸಿದ್ದಕ್ಕೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಡಕ್ಟ್ ಕ್ಲೀನ್ ಮಾಡಿಸಿದರೆ ಕಾಯಿಲೆ ಬರುವುದಿಲ್ಲ ಅಂತ ಎಲ್ಲೂ ಸಾಬೀತಾಗಿಲ್ಲ. ಒಳಗಿನ ಧೂಳಿನಲ್ಲಿ ಬಹಳಷ್ಟು ತಗಡಿಗೆ ಅಂಟಿಕೊಂಡೇ ಇರುತ್ತದೆ, ಕೋಣೆಗೆ ಬರುವುದಿಲ್ಲ. ಹಾಗಾಗಿ ವರ್ಷ ವರ್ಷ ಮಾಡಿಸಬೇಕಾದ ಕೆಲಸ ಅಲ್ಲ, ಬೇಕಾದಾಗ ಮಾತ್ರ ಅನ್ನುತ್ತಾರೆ. ಕ್ಲೀನ್ ಮಾಡುವವರದೇ ಒಂದು ಸಂಘವಿದೆ, ನಾಡ್ಕಾ ಅಂತ, 1989ರಲ್ಲಿ ಶುರುವಾದದ್ದು. ಅವರು ಮೂರರಿಂದ ಐದು ವರ್ಷಕ್ಕೊಮ್ಮೆ ಮಾಡಿಸಿ ಅನ್ನುತ್ತಾರೆ. ಅದು ಅವರ ಹೊಟ್ಟೆಪಾಡೂ ಹೌದು. ನನಗೆ ಇಪಿಎ ಮಾತೇ ಸರಿ ಅನ್ನಿಸುತ್ತದೆ.

ಹಾಗಂತ ಯಾವತ್ತೂ ಬೇಡ ಅಂತಲ್ಲ. ಕ್ಯಾಂಟನ್‌ನಲ್ಲಿರುವ ಗೆಳೆಯನ ಮನೆಯಲ್ಲಿ, ಗಾಳಿಯನ್ನು ಫರ್ನೇಸಿಗೆ ವಾಪಸ್ ಒಯ್ಯುವ ರಿಟರ್ನ್ ಡಕ್ಟ್‌ನಲ್ಲಿ ಇಲಿ ಗೂಡು ಕಟ್ಟಿತ್ತು. ಅವನು ಮಾಡಿಸಲೇಬೇಕಿತ್ತು, ಮಾಡಿಸಿದ. ಕಣ್ಣಿಗೆ ಕಾಣುವಷ್ಟು ಬೂಷ್ಟು ಇದ್ದರೆ, ಇಲಿ ಹುಳು ಸೇರಿದ್ದರೆ, ಧೂಳು ಕಟ್ಟಿಕೊಂಡು ವೆಂಟಿನಿಂದ ಕೋಣೆಗೆ ಉದುರುತ್ತಿದ್ದರೆ ಖಂಡಿತ ಮಾಡಿಸಿ. ಹೊಸ ಮನೆ ಕಟ್ಟಿಸಿದವರೂ ಒಮ್ಮೆ ನೋಡಿಕೊಳ್ಳಿ. ಗೋಡೆಯ ಡ್ರೈವಾಲ್ ಹಲಗೆ ಉಜ್ಜಿದ ಬಿಳಿ ಪುಡಿ, ಮರದ ಹೊಟ್ಟು ಡಕ್ಟ್ ಒಳಗೇ ಉಳಿದಿರುತ್ತದೆ. ಆದರೆ ಬೂಷ್ಟು ಬಂದಿದ್ದರೆ ನೀರು ಎಲ್ಲಿಂದ ಸೋರುತ್ತಿದೆ ಅಂತ ಮೊದಲು ಹುಡುಕಬೇಕು. ಇಲ್ಲದಿದ್ದರೆ ಅದು ಮತ್ತೆ ಬರುತ್ತದೆ. ಡಕ್ಟ್ ಒಳಗಿನ ಇನ್ಸುಲೇಷನ್ ನೆನೆದು ಬೂಷ್ಟು ಹಿಡಿದಿದ್ದರೆ ತೊಳೆದು ಉಪಯೋಗವಿಲ್ಲ, ಕಿತ್ತು ಬದಲಾಯಿಸಬೇಕು.

ಗೆಳೆಯನ ಮನೆಯಲ್ಲಿ ಕೆಲಸ ನಡೆಯುವಾಗ ನಾನೂ ಇದ್ದೆ. ಫರ್ನೇಸ್ ಹತ್ತಿರದ ದೊಡ್ಡ ಡಕ್ಟಿಗೆ ತೂತು ಮಾಡಿ, ಹೊರಗಿನ ಟ್ರಕ್ಕಿನಿಂದ ತೋಳಿನಷ್ಟು ದಪ್ಪದ ಪೈಪ್ ಎಳೆದು ಸೇರಿಸಿದರು. ಒಳಗಿನ ಗಾಳಿಯನ್ನೆಲ್ಲ ಅದು ಹೊರಗೆ ಎಳೆಯುತ್ತಿರುತ್ತದೆ. ಆಗ ಒಂದೊಂದೇ ವೆಂಟಿನಿಂದ ಬ್ರಷ್ ಬಿಟ್ಟು, ಗಾಳಿ ಹೊಡೆದು ಧೂಳು ಬಿಡಿಸುತ್ತಾರೆ. ಗಾಳಿ ತಳ್ಳುವ ಬ್ಲೋವರ್, ಎಸಿಯ ಕಾಯಿಲ್ ಕೂಡ ಬಿಚ್ಚಿ ಕ್ಲೀನ್ ಮಾಡಿದರು. ಕೊನೆಗೆ ತೂತಿಗೆ ತಗಡು ಮುಚ್ಚಿ ಸೀಲ್ ಮಾಡಿದರು. ಅರ್ಧ ದಿನ ಹಿಡಿಯಿತು. ಇಂಥ ಕೆಲಸಕ್ಕೆ ಇಪಿಎ ಹೇಳುವ ಅಂದಾಜು 450ರಿಂದ 1,000 ಡಾಲರ್. 99ಕ್ಕೆ ಇದು ಆಗುವುದು ಸಾಧ್ಯವೇ ಇಲ್ಲ.

ಇನ್ನು ನಾವು ಯಾರೂ ಕೇಳದೇ ಇರುವ ಒಂದು ಪೈಪ್ ಇದೆ. ಬಟ್ಟೆ ಒಣಗಿಸುವ ಡ್ರೈಯರ್‌ನ ವೆಂಟು. ಅಮೆರಿಕದ ಅಗ್ನಿಶಾಮಕ ಆಡಳಿತದ 2008-2010ರ ಲೆಕ್ಕದ ಪ್ರಕಾರ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರ್‌ನಿಂದ ಬೆಂಕಿ ಹತ್ತುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕಾರಣ ಕ್ಲೀನ್ ಮಾಡದೇ ಬಿಟ್ಟದ್ದು. ಬಟ್ಟೆ ಒಣಗಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತಿದೆಯಾ? ಇವತ್ತೇ ನೋಡಿ. ನಮ್ಮದನ್ನು ಬಿಚ್ಚಿದಾಗ ಒಂದು ಚೀಲ ತುಂಬಾ ಹತ್ತಿಯಂಥ ನಾರು ಬಂತು. ಎದೆ ಧಸಕ್ ಅಂದಿತ್ತು.

ಒಗ್ಗರಣೆಯ ಹೊಗೆ, ಊದುಬತ್ತಿ ಹೊಗೆ ಇರುವ ಮನೆಗಳು ನಮ್ಮವು. ಎಷ್ಟೋ ಮನೆಗಳಲ್ಲಿ ಒಲೆ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ, ತಿರುಗಿಸಿ ಅಡುಗೆಮನೆಗೇ ಬಿಡುತ್ತದೆ. ಆ ಜಿಡ್ಡು ಫರ್ನೇಸಿನ ಫಿಲ್ಟರಿಗೆ ಹೋಗಿ ಕೂರುತ್ತದೆ. ಫಿಲ್ಟರಿನ ಡಬ್ಬದ ಮೇಲೆ ಮೂರು ತಿಂಗಳು ಅಂತ ಬರೆದಿದ್ದರೂ ತಿಂಗಳಿಗೊಮ್ಮೆ ಎಳೆದು ನೋಡಿ.

ಗುಂಪಿನಲ್ಲಿ ಕೇಳಿದ ಮೂವರಿಗೂ ಒಂದೇ ಮಾತು. ಯಾರಿಗೂ ಫೋನ್ ಮಾಡುವ ಮುಂಚೆ ಎರಡು ವೆಂಟಿನ ಜಾಲರಿ ಬಿಚ್ಚಿ, ಕೈ ತೂರಿಸಿ ನೀವೇ ಫೋಟೋ ತೆಗೆಯಿರಿ. ನನಗೆ ಕಳಿಸಿದರೂ ಆಯ್ತು. ಡ್ರೈಯರ್ ವೆಂಟಿಗೆ ಬಿಡುವ ಉದ್ದನೆಯ ಬ್ರಷ್ ನನ್ನ ಹತ್ತಿರ ಇದೆ. ಡ್ರಿಲ್‌ಗೆ ಸಿಕ್ಕಿಸಿದರೆ ಸಾಕು. ನೋವೈ ಕಡೆಯವರು ಶನಿವಾರ ಬಂದು ತೆಗೆದುಕೊಂಡು ಹೋಗಿ.