ದೀಪ ಕದ್ದರಂತೆ!

ಬೆಳಿಗ್ಗೆ ಫೇಸ್‌ಬುಕ್ ತೆರೆದರೆ ಮತ್ತೆ ಅದೇ ಗೋಳು. ಮರದ ಚೆಂದದ ದೀಪ, ಪಕ್ಕದಲ್ಲಿ ಅದರ ನಕಲು, ‘ನನ್ನ ಡಿಸೈನ್ ಕದ್ದಿದ್ದಾರೆ, ಶೇರ್ ಮಾಡಿ’. ಮೂರು ತಿಂಗಳ ಹಿಂದೆ ಆ ದೀಪವನ್ನು ನಾಲ್ಕೂ ಕಡೆಯಿಂದ ಫೋಟೋ ತೆಗೆದು ‘ಸದ್ಯದಲ್ಲೇ’ ಅಂತ ಹಾಕಿದ್ದೂ ಇವರೇ. ಡಿಸೈನ್ ನೋಂದಣಿಗೆ ಅರ್ಜಿಯನ್ನು ಈಗ ಹಾಕ್ತಾರಂತೆ!

ನಿಜ ಹೇಳಲಾ, ಕದ್ದವನಿಗಿಂತ ಇವರ ಮೇಲೇ ನನಗೆ ಸಿಟ್ಟು. 2000ದ ಡಿಸೈನ್ಸ್ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಅರ್ಜಿಯ ತಾರೀಖಿಗೆ ಮುಂಚೆ ಜಗತ್ತಿನ ಯಾವ ಮೂಲೆಯಲ್ಲಿ ಪ್ರಕಟವಾಗಿದ್ದರೂ ಆ ವಿನ್ಯಾಸ ಹೊಸದಲ್ಲ. ಪ್ರಕಟಿಸಿದ್ದು ನೀವೇ ಆದರೂ ಅಷ್ಟೇ. ತಾವೇ ಪ್ರಕಟಿಸಿದ ಮೇಲೂ ಅರ್ಜಿ ಹಾಕೋಕೆ ಅಮೆರಿಕ, ಯುರೋಪಿನಲ್ಲಿ ಒಂದು ವರ್ಷದ ರಿಯಾಯಿತಿ ಉಂಟು, ಇಲ್ಲಿಲ್ಲ. ಆದರೆ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನದಲ್ಲಿ ಇಟ್ಟಿದ್ದಾದರೆ, ಮೊದಲೇ ನೋಟಿಸ್ ಕೊಟ್ಟು 6 ತಿಂಗಳೊಳಗೆ ಅರ್ಜಿ ಹಾಕಬಹುದು. ಭಾನುವಾರದ ಕರಕುಶಲ ಸಂತೆಯ ಸ್ಟಾಲು ಆ ಲೆಕ್ಕಕ್ಕೆ ಬರಲ್ಲ.

‘ಕಾಪಿರೈಟ್ ತಾನಾಗೇ ಇರುತ್ತಲ್ಲ ಸಾರ್’ ಅಂತ ಒಬ್ಬರ ಕಾಮೆಂಟು. ಇರುತ್ತೆ, 50 ದೀಪದವರೆಗೆ! ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ ಕಾರ್ಖಾನೆ ರೀತಿಯಲ್ಲಿ 50ಕ್ಕಿಂತ ಹೆಚ್ಚು ಮಾಡಿದರೆ ಅದರ ಕಾಪಿರೈಟ್ ಮುಗೀತು. ಇನ್ನೊಬ್ಬರು ಚನ್ನಪಟ್ಟಣದ ಗೊಂಬೆಗಳ ಜಿಐ, ಅಂದರೆ ಭೌಗೋಳಿಕ ಗುರುತು, ನೆನಪಿಸಿದರು. ಅದು ಕಾಯುವುದು ಊರಿನ ಹೆಸರನ್ನು, ನಿಮ್ಮ ದೀಪದ ಆಕಾರವನ್ನಲ್ಲ.

ಖರ್ಚು ಅಂತೀರಾ? ಒಬ್ಬ ವ್ಯಕ್ತಿಗೆ, ಸ್ಟಾರ್ಟ್‌ಅಪ್‌ಗೆ, ಸಣ್ಣ ಘಟಕಕ್ಕೆ ಸರ್ಕಾರಿ ಶುಲ್ಕ 1000 ರೂಪಾಯಿ. ರಕ್ಷಣೆ 10 ವರ್ಷ, ನವೀಕರಿಸಿದರೆ ಮತ್ತೆ 5. ಫಾರ್ಮ್ 1ರ ಜೊತೆ ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ, ಓರೆಯಿಂದ ಒಂದು, ಹೀಗೆ ಏಳು ಚಿತ್ರ ಕೊಡಿ. ಹಿನ್ನೆಲೆ ಖಾಲಿ ಇರಲಿ. ಹೂಕುಂಡ, ಬೆಕ್ಕು ಬೇಡ. ಎಡಗಡೆ ಚಿತ್ರದಲ್ಲಿರುವ ಗೆರೆ ಓರೆ ಚಿತ್ರದಲ್ಲಿ ಕಾಣದಿದ್ದರೆ ಆಕ್ಷೇಪಣೆ ಬಂತು ಅಂತಲೇ ತಿಳಿಯಿರಿ. ಮಡಚುವ ಕೀಲು ಹೇಗೆ ಕೆಲಸ ಮಾಡುತ್ತೆ ಅನ್ನೋದು ಇಲ್ಲಿ ಬರಲ್ಲ, ಕಣ್ಣಿಗೆ ಕಾಣುವ ರೂಪ ಮಾತ್ರ. ನೋಂದಣಿ ಆದಮೇಲೆ ಸಾಮಾನಿನ ಮೇಲೆ ನೋಂದಣಿ ನಂಬರು ಹಾಕಿ. ಹಾಕದಿದ್ದರೆ ಪರಿಹಾರ ಸಿಗೋದು ಕಷ್ಟ.

ನಕಲು ಮಾಡಿದವನು ಕೊಡಬೇಕು ಅಂತ ಕಾಯ್ದೆಯಲ್ಲೇ ಗೊತ್ತುಮಾಡಿದ ಮೊತ್ತ ಒಂದು ವಿನ್ಯಾಸಕ್ಕೆ ಒಟ್ಟು 50,000 ರೂಪಾಯಿ ದಾಟಲ್ಲ. ನಗೆಪಾಟಲು, ಒಪ್ಪಿದೆ. ಅದನ್ನು ಬಿಟ್ಟು ಜಿಲ್ಲಾ ನ್ಯಾಯಾಲಯದಲ್ಲಿ ತಡೆಯಾಜ್ಞೆ, ನಷ್ಟಪರಿಹಾರ ಎರಡನ್ನೂ ಕೇಳಬಹುದಲ್ಲ? ಆದರೆ ಕೇಳೋಕೆ ಕೈಯಲ್ಲಿ ನೋಂದಣಿ ಇರಬೇಕು.

ಹಳೇ ಪೋಸ್ಟ್ ಡಿಲೀಟ್ ಮಾಡಿದರೆ ಆಗುತ್ತಾ ಅಂತ ಇನ್‌ಬಾಕ್ಸಿಗೆ ಬರಬೇಡಿ. ನಕಲು ಮಾಡಿದವನ ಹತ್ತಿರ ಸ್ಕ್ರೀನ್‌ಶಾಟ್ ಇರುತ್ತೆ, ತಾರೀಖಿನ ಸಮೇತ.