ಪತ್ತನಾಜೆಯ ಒಳಗೆ

ಇಪ್ಪತ್ತೆರಡು ವರ್ಷ ಬ್ಯಾಂಕಿನಲ್ಲಿ ಊರವರ ಮನೆ ಸಾಲದ ಅರ್ಜಿ ನೋಡಿದವನು ನಾನು. ಯಾರ ಎಸ್ಟಿಮೇಟಿನಲ್ಲಿ ಎಷ್ಟು ಗಾಳಿ ಉಂಟು ಎಂದು ಕಾಗದ ಮುಟ್ಟಿದ ಕೂಡಲೇ ಹೇಳುತ್ತಿದ್ದೆ. ಐದು ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡದ ಕೂಸು ಬೇರೆ, ಲೆಕ್ಕ ತಪ್ಪುವುದು ಹೇಗೆ? ಹಾಗಾಗಿ ಉಡುಪಿ ಹತ್ತಿರದ ಪರ್ಕಳದ ನಮ್ಮ ಹಳೆ ಹಂಚಿನ ಮನೆಯ ಹಿಂಭಾಗ ಕೆಡವಿ, ಅಲ್ಲಿ ಎರಡು ಕೋಣೆ, ಒಂದು ಅಡುಗೆ ಮನೆ, ಒಂದು ಬಚ್ಚಲು ತಾರಸಿಯದ್ದು ಮಾಡಿಸುವ ಎಂದು ಹೊರಟಾಗ ನನಗೆ ಹೆದರಿಕೆ ಎನ್ನುವುದೇ ಇರಲಿಲ್ಲ. ಆಮೇಲೆ ಬಂತು, ಕಂತುಗಳಲ್ಲಿ.

ಮೇಸ್ತ್ರಿ ಬಂದು ಅಂಗಳದಲ್ಲಿ ನಿಂತು, ಬಾಯಿಯ ಎಲೆ ಅಡಿಕೆ ಒಂದು ಬದಿಗೆ ದೂಡಿ ಹೇಳಿದರು: "ಪತ್ತನಾಜೆಯ ಒಳಗೆ ಮುಗಿಸಿ ಕೊಡ್ತೇನೆ ಸರ್. ಎಂತ ಟೆನ್ಶನ್ ಮಾಡ್ಬೇಡಿ."

ಘಟ್ಟದ ಮೇಲಿನವರಿಗಾಗಿ ಒಂದು ಮಾತು. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮ ಕೋಲಗಳು ನಿಲ್ಲುತ್ತವೆ, ಮಳೆಗಾಲಕ್ಕೆ ಊರು ಬಾಗಿಲು ತೆರೆಯುತ್ತದೆ. ಮೇಸ್ತ್ರಿ ಹೇಳಿದ್ದು ಡಿಸೆಂಬರಿನಲ್ಲಿ. ಐದೂವರೆ ತಿಂಗಳು ಉಂಟಲ್ಲ ಎಂದು ನಾನು ಅಡ್ವಾನ್ಸ್ ಎಣಿಸಿದೆ. ಪತ್ತನಾಜೆಗೆ ನಿಲ್ಲುವುದೆಲ್ಲ ಪತ್ತನಾಜೆಯವರೆಗೆ ನಡೆಯುತ್ತಲೇ ಇರುತ್ತದೆ ಎಂಬ ಸರಳ ಸಂಗತಿ ಮಾತ್ರ ಹೊಳೆಯಲಿಲ್ಲ. ಮೇಸ್ತ್ರಿಯ ಊರಿನ ನೇಮ, ಮೇಸ್ತ್ರಿಯ ಹೆಂಡತಿಯ ಊರಿನ ನೇಮ, ಎರಡು ಕಂಬಳ, ಹರಕೆಯ ಬಯಲಾಟ, ಬಯಲಾಟದ ಮರುದಿನದ ನಿದ್ರೆ. ಬಾಗಲಕೋಟೆ ಕಡೆಯಿಂದ ಬಂದ ಕೆಲಸದವರಿಗೆ ಎಳ್ಳಮಾವಾಸ್ಯೆ, ಹೋಳಿ, ಯುಗಾದಿ, ಊರ ಜಾತ್ರೆ. ನಾನು ಬ್ಯಾಂಕಿನವನಲ್ಲವಾ, ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಡಿಸೆಂಬರ್ 5ರಿಂದ ಪತ್ತನಾಜೆಯವರೆಗೆ 170 ದಿನ, ಕೆಲಸ ನಡೆದದ್ದು 71 ದಿನ. ಅದರಲ್ಲಿಯೂ ಹನ್ನೊಂದು ದಿನ ಒಬ್ಬನೇ ಬಂದು ಹೊಯ್ಗೆ ಜರಡಿ ಹಿಡಿದು ಹೋದದ್ದು.

ನಮ್ಮಲ್ಲಿ ಮನೆಯ ಅಡಿಗಟ್ಟಿಗೂ ಪಂಚಾಂಗ ಎಂದೇ ಹೆಸರು. ಪಂಚಾಂಗ ಹಾಕುವ ಮೊದಲು ಗೋಡೆಯಲ್ಲಿ ತೂಗುವ ಪಂಚಾಂಗ ಬಿಡಿಸಿ, ಮೇಸ್ತ್ರಿಯನ್ನು ಎದುರು ಕೂರಿಸಿ, ಯಾವ್ಯಾವ ದಿನ ಬರುವುದಿಲ್ಲ ಎಂದು ಅವರ ಕೈಯಲ್ಲೇ ಗುರುತು ಹಾಕಿಸಿಕೊಳ್ಳಿ. ಬರುವ ದಿನ ಕೇಳಬೇಡಿ, ಅದು ಅವರಿಗೂ ಗೊತ್ತಿರುವುದಿಲ್ಲ.

ಇನ್ನು ಆಯ. ವಾಸ್ತುವಿನವರು ಬಂದು ಕೋಣೆಗಳ ಸುತ್ತಳತೆ ತೆಗೆದು, ಎಂಟರಿಂದ ಭಾಗಿಸಿ, ಶೇಷ ನೋಡಿದರು. ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂದು ಎಂಟು ಆಯ. ಬೆಸ ಸಂಖ್ಯೆ ಬಂದರೆ ಶುಭ, ಸಮ ಬಂದರೆ ಅಲ್ಲ. ನಮ್ಮ ಅಡುಗೆ ಮನೆಗೆ ಆರು ಬಂತು. ಖರ, ಅಂದರೆ ಕತ್ತೆ.

"ಅದು ಸರಿಯೇ ಉಂಟಲ್ಲ, ಇಡೀ ದಿನ ಅಲ್ಲಿ ದುಡಿಯುವುದು ಯಾರು?" ಎಂದು ಹೆಂಡತಿ ಒಳಗಿನಿಂದ ಹೇಳಿದಳು. ಆದರೆ ಅಮ್ಮ ಒಪ್ಪಲಿಲ್ಲ. ಗೋಡೆ ಒಂದಿಷ್ಟು ಆಚೆ ಸರಿದು ಕತ್ತೆ ಆನೆಯಾಯಿತು. ಅಷ್ಟರಲ್ಲಿ ನಾನು ರಿಯಾಯಿತಿ ಉಂಟೆಂದು ನೆಲದ ಟೈಲ್ಸ್ ತಂದು ಹಾಕಿಯಾಗಿತ್ತು, ಹಳೆ ಅಳತೆಗೆ. ಈಗ ಅಡುಗೆ ಮನೆಯ ಒಂದು ಅಂಚಿಗೆ ಮೂರು ಬೆರಳಗಲದ ತುಂಡು ಟೈಲ್ಸಿನ ಸಾಲು ಉಂಟು, ಬೇರೆ ಬಣ್ಣದ್ದು. ಬಂದವರು ಬಾರ್ಡರ್ ಚಂದ ಉಂಟು ಅನ್ನುತ್ತಾರೆ. ನಂಬಿಕೆ ಇರುವವರು ಆಯ ನೋಡಿಸಿ, ಇಲ್ಲದವರು ಬಿಡಿ. ನೋಡಿಸುವುದಾದರೆ ನಕ್ಷೆ ಪೆನ್ಸಿಲಿನಲ್ಲಿ ಇರುವಾಗಲೇ ನೋಡಿಸಿ.

ಗೋಡೆಗೆ ಕೆಂಪುಕಲ್ಲು. ಅಗೆಯುವಾಗ ಮೆತ್ತಗಿದ್ದು ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುವ ಕಲ್ಲು ಇದು. ಮೇಸ್ತ್ರಿಯದ್ದೂ ಅದೇ ಗುಣ, ಅಡ್ವಾನ್ಸ್ ತೆಗೆದುಕೊಳ್ಳುವಾಗ ಎಷ್ಟು ಮೆತ್ತಗಿದ್ದರು! ಕಲ್ಲಿನ ಬಗ್ಗೆ ದೂರಿಲ್ಲ. ಆದರೆ ಅದು ನೀರು ಹೀರುತ್ತದೆ, ನಮ್ಮ ಗಾಳಿಮಳೆ ಬರುವುದು ಪಡುವಣ ಬದಿಯಿಂದ. ಆ ಬದಿಯ ಗೋಡೆಗೆ ಸಾರಣೆ, ಅಂದರೆ ಪ್ಲಾಸ್ಟರಿಂಗ್, ಬೇಕೇ ಬೇಕು, ಕಿಟಕಿಯ ಮೇಲಿನ ಸಜ್ಜ ಎರಡಡಿಯಾದರೂ ಹೊರಗೆ ಚಾಚಬೇಕು. ಕಲ್ಲು ಕಾಣಿಸಿದರೆ ಸ್ಟೈಲ್ ಎಂದು ಬೆಂಗಳೂರಿನ ಅಣ್ಣನ ಮಗ ಹೇಳಿದ್ದನ್ನು ನಾನು ಕೇಳಿದೆ. ಈಗ ಆಷಾಢದಲ್ಲಿ ಆ ಗೋಡೆಯ ಒಳಮೈಯಲ್ಲಿ ಪಾಚಿ ಬೆಳೆಯುತ್ತದೆ. ಅದೂ ಸ್ಟೈಲ್ ಇರಬಹುದು.

ಏಪ್ರಿಲ್ ನಡುವಿಗೆ ಸ್ಲಾಬ್ ಬಿತ್ತು. "ಎರಡು ಹೊತ್ತು ಗೋಣಿ ಚಂಡಿ ಮಾಡಿದ್ರೆ ಸಾಕು ಸರ್" ಎಂದರು ಮೇಸ್ತ್ರಿ. ಅಷ್ಟರಲ್ಲಿ ನಾನು ಸಾಲದ ಕಡತಗಳ ಪಕ್ಕದಲ್ಲಿ ಐಎಸ್ 456 ಕೂಡ ಓದಿದವನು. ಕಾಂಕ್ರೀಟಿನ ಭಾರತೀಯ ಮಾನಕ ಅದು. ಸಾದಾ ಸಿಮೆಂಟಿಗೆ ಕಡಿಮೆಯೆಂದರೆ 7 ದಿನ ಕ್ಯೂರಿಂಗ್, ಅಂದರೆ ಹಸಿ ಆರದಂತೆ ನೋಡಿಕೊಳ್ಳುವುದು, ಬೇಕು, ಈಗ ಎಲ್ಲ ಅಂಗಡಿಯಲ್ಲೂ ಸಿಗುವ ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10, ಬಿಸಿಲು ಜೋರಿದ್ದು ಹವೆ ಒಣಗಿದ್ದರೆ 14. ಸ್ಲಾಬಿನ ಮೇಲೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಚೌಕ ಚೌಕ ಮಾಡಿ, ನೀರು ನಿಲ್ಲಿಸಿದೆ. ದಿನಕ್ಕೆ ಮೂರು ಸಲ ಏಣಿ ಹತ್ತಿದೆ. ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ, "ಎಂತ ಮಾರಾಯ, ತಾರಸಿಯಲ್ಲಿ ಗದ್ದೆ ಮಾಡಿದ್ದೀಯ? ನೇಜಿ ನೆಡುವುದು ಯಾವಾಗ?" ಎಂದು ದಿನಾ ಕೇಳಿದರು. ಆರನೇ ದಿನಕ್ಕೆ ಬಾವಿಯ ತಳ ಕಂಡಿತು. ಉಳಿದ ಎಂಟು ದಿನ ಟ್ಯಾಂಕರ್. ನಾವು ಮನೆಮಂದಿ ಅಜ್ಜನ ಮನೆಯಲ್ಲಿ ಸ್ನಾನ ಮಾಡಿದೆವು, ನಮ್ಮ ಸ್ಲಾಬು ಮಾತ್ರ ತುಂಬಿದ ನೀರಿನಲ್ಲಿ ಮಲಗಿತ್ತು. ಇದೊಂದರಲ್ಲಿ ಮಾತ್ರ ನಾನು ಗೆದ್ದೆ. ಸ್ಲಾಬಿನಲ್ಲಿ ಇವತ್ತಿಗೂ ಒಂದು ಬಿರುಕಿಲ್ಲ. ನೀರು ಸ್ಲಾಬಿನಿಂದ ಸೋರಿದ್ದಲ್ಲ ಎಂದು ಮುಂದೆ ಹೇಳಲಿಕ್ಕೆ ಇದು ಅನುಕೂಲ.

ಮೇ 19ಕ್ಕೆ ಮನೆ ಒಕ್ಕಲಿನ, ಅಂದರೆ ಗೃಹಪ್ರವೇಶದ ಮುಹೂರ್ತ. ಕೆಲಸ ಮುಗಿದಿರಲಿಲ್ಲ, ಕಾಗದ ಹಂಚಿ ಮುಗಿದಿತ್ತು. ಹೋಮ ಹೊಸ ಕೋಣೆಯಲ್ಲಿ. ಭಟ್ಟರು ಪೂರ್ಣಾಹುತಿಗೆ ಬರುವಾಗ ಅಮ್ಮನಿಗೆ ನೆನಪಾಯಿತು, ಅಪ್ಪನ ಫೋಟೊ ಇನ್ನೂ ಗೋಡೆಗೆ ಏರಿಲ್ಲ. ನಾನು ಸುತ್ತಿಗೆ ತಂದು, ನೋಡಿ ನೋಡಿ, ಸರಿಯಾದ ಜಾಗಕ್ಕೆ ಮೊಳೆ ಹೊಡೆದೆ. ಎಷ್ಟು ಸರಿಯಾದ ಜಾಗವೆಂದರೆ, ಒಂದಿಂಚು ಆಚೆ ಈಚೆ ಆಗಿದ್ದರೂ ಸಾರಣೆಯ ಒಳಗೆ ಹೋದ ನೀರಿನ ಪೈಪಿಗೆ ತಾಗುತ್ತಿರಲಿಲ್ಲ. ನೀರು ಚಿಮ್ಮಿ ಮೊದಲು ಭಟ್ಟರಿಗೆ, ಆಮೇಲೆ ಅಗ್ನಿಗೆ ಬಿತ್ತು. ಭಟ್ಟರು ದೊಡ್ಡವರು. ಶಲ್ಯದಲ್ಲಿ ಮುಖ ಒರೆಸಿಕೊಂಡು, "ಗಂಗೆ ತಾನಾಗಿಯೇ ಬಂದಳು, ಒಳ್ಳೆಯದೇ" ಎಂದರು. ಟ್ಯಾಂಕಿನ ವಾಲ್ವ್ ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಪ್ಲಂಬರಿಗೆ ಫೋನು ಮಾಡಿದರೆ ಅವನು ಕಟೀಲಿನಲ್ಲಿ ಮದುವೆಯ ಊಟಕ್ಕೆ ಕೂತಿದ್ದ. "ಮೇಲೆ ಉಂಟು ಸರ್, ಟ್ಯಾಂಕಿನ ಹಿಂದೆ" ಎಂದ. ಏಣಿಯನ್ನು ಶಾಮಿಯಾನದವರು ಕೊಂಡು ಹೋಗಿದ್ದರು.

ಸಾರಣೆಗೆ ಮುಂಚೆ ಪ್ರತಿ ಗೋಡೆಗೆ ಅಳತೆಯ ಟೇಪು ಹಿಡಿದು ಫೋಟೊ ತೆಗೆದಿಡಿ. ಪೈಪು, ವಯರಿನ ದಾರಿ ಎಲ್ಲ ಅದರಲ್ಲಿ ಕಾಣಬೇಕು. ನಾನೂ ಫೋಟೊ ತೆಗೆದಿದ್ದೆ. ಎಲ್ಲದರಲ್ಲಿಯೂ ಮೇಸ್ತ್ರಿ ಗೋಡೆಗೆ ಅಡ್ಡ ನಿಂತು ನಗುತ್ತಿದ್ದಾರೆ. ಮತ್ತೆ, ಬಚ್ಚಲಿಗೆ ಒಂದು, ಅಡುಗೆ ಮನೆಗೆ ಒಂದು ಎಂದು ಬೇರೆ ಬೇರೆ ವಾಲ್ವ್ ಕೈಗೆಟುಕುವಲ್ಲಿ ಇಡಿಸಿ.

ಇನ್ನು ಮಳೆಯ ಕತೆ. ಹಳೆ ಮನೆಯ ಹಂಚಿನ ಮಾಡು ಹಿಂದಕ್ಕೆ ಇಳಿಯುತ್ತದೆ, ಹೊಸ ತಾರಸಿಯ ಗೋಡೆ ಅಲ್ಲಿಯೇ ಎದ್ದು ನಿಂತಿದೆ. ಎರಡರ ನಡುವೆ ನೀರು ಹೋಗಲಿಕ್ಕೆ ಒಂದು ತಗಡಿನ ದಂಬೆ, ಆರಿಂಚು ಅಗಲದ್ದು. "ಆರಿಂಚು ಧಾರಾಳ ಆಯ್ತು ಸರ್." ಆಯಿತೇನೋ ಎಂದು ನಾನೂ ಅಂದುಕೊಂಡೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನಮ್ಮ ಆ ಬದಿಯ ಮಾಡು 40 ಚದರ ಮೀಟರ್. ಉಡುಪಿಯಲ್ಲಿ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 4,000 ಮಿಲಿಮೀಟರ್. ಅಂದರೆ ಒಂದು ಲಕ್ಷದ ಅರುವತ್ತು ಸಾವಿರ ಲೀಟರ್ ಆ ಆರಿಂಚಿನಲ್ಲಿ ಹೋಗಬೇಕು, ಅದೂ ಹೆಚ್ಚಿನದ್ದೆಲ್ಲ ನಾಲ್ಕು ತಿಂಗಳ ಒಳಗೆ. ಜೋರು ಬಂದ ಒಂದು ದಿನ ನೂರು ಮಿಲಿಮೀಟರ್ ಹೊಡೆದರೆ ಅಂದೇ ನಾಲ್ಕು ಸಾವಿರ ಲೀಟರ್. ಗುಣಾಕಾರ ಮೂರನೇ ಕ್ಲಾಸಿನದ್ದು. ಡಿಸೆಂಬರಿನಲ್ಲಿ ಮಾಡಬೇಕಿತ್ತು. ನಾನು ಮಾಡಿದ್ದು ಜೂನ್ 9ರ ರಾತ್ರಿ ಎರಡು ಗಂಟೆಗೆ, ಒಂದು ಕೈಯಲ್ಲಿ ಬಕೆಟು, ಇನ್ನೊಂದರಲ್ಲಿ ಟಾರ್ಚು. ಊರವರ ಎಸ್ಟಿಮೇಟಿನಲ್ಲಿ ಗಾಳಿ ಹುಡುಕಿದವನಿಗೆ ತನ್ನದರಲ್ಲಿ ನೀರು ಕಾಣಲಿಲ್ಲ.

ಹಳೆಯದಕ್ಕೆ ಹೊಸದು ಜೋಡಿಸುವವರು ಮನೆಯ ಉಳಿದದ್ದೆಲ್ಲ ಮೇಸ್ತ್ರಿಗೆ ಬಿಟ್ಟು ಈ ಸಂದಿಯೊಂದನ್ನು ಸ್ವತಃ ನಿಂತು ಮಾಡಿಸಿ. ದಂಬೆ ಒಬ್ಬ ಮನುಷ್ಯ ಇಳಿದು ಕಸ ಬಾಚುವಷ್ಟು ಅಗಲ ಇರಲಿ, ತೆಂಗಿನ ಗರಿಯ ಕಡ್ಡಿಗೂ ಹಲಸಿನ ಎಲೆಗೂ ನಿಮ್ಮ ಎಸ್ಟಿಮೇಟು ಗೊತ್ತಿಲ್ಲ. ತಗಡಿನ ಅಂಚು ಹಂಚಿನ ಅಡಿಗೆ ಚೆನ್ನಾಗಿ ಒಳಗೆ ಹೋಗಲಿ. ಮಳೆಗೆ ಕಾಯದೆ ಮಾರ್ಚಿನಲ್ಲಿಯೇ ಪೈಪು ಹಿಡಿದು ಅರ್ಧ ಗಂಟೆ ನೀರು ಬಿಟ್ಟು ನೋಡಿ.

ಸೋರಿದ ರಭಸಕ್ಕೆ ಹಂಚು ಹೊರುವ ಎರಡು ರೀಪು ಹಾಳಾಗಿ ನಲುವತ್ತು ಹಂಚು ಜಾರಿ ಒಡೆದವು. ಹೊಸ ಹಂಚು ತಂದರೆ ಕೂರುವುದಿಲ್ಲ! ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಎಲ್ಲರದ್ದೂ ಮಂಗಳೂರು ಹಂಚೇ, ಆದರೆ ಒಬ್ಬರ ಕಚ್ಚು ಇನ್ನೊಬ್ಬರದಕ್ಕೆ ಕಚ್ಚುವುದಿಲ್ಲ. ಹಿಂಭಾಗ ಕೆಡವಿದಾಗ ಉಳಿದ ಆರುನೂರು ಹಂಚನ್ನು, ಇದೆಂಥ ರಗಳೆ ಎಂದು ನಾನೇ ತಲಾ ಐದು ರೂಪಾಯಿಗೆ ಒಂದು ಹೋಮ್‌ಸ್ಟೇಯವರಿಗೆ ಕೊಟ್ಟಿದ್ದೆ. ಹೋಗಿ ಕೇಳಿದೆ. ಅವರು ಕಾಫಿ ಕೊಟ್ಟರು, ಹಂಚನ್ನೂ ಕೊಟ್ಟರು, ಹದಿನೆಂಟು ರೂಪಾಯಿಯಂತೆ. "ಈಗ ಇಂಥದ್ದು ಸಿಗುವುದಿಲ್ಲ, ಹಳೆ ಮನೆಯದ್ದು" ಎಂದು ನನಗೇ ವಿವರಿಸಿದರು.

ಬಚ್ಚಲಿನ ಕತೆ ಹೇಳದೆ ಇದ್ದರೆ ಭಾವ ಬೇಸರಿಸುತ್ತಾರೆ. ಬಚ್ಚಲಿನ ನೆಲ ಮೀಟರಿಗೆ ಒಂದು, ಒಂದೂವರೆ ಸೆಂಟಿಮೀಟರಿನಷ್ಟು ನೀರು ಹೋಗುವ ಜಾಲರಿಯ ಕಡೆಗೆ ಇಳಿಯಬೇಕು. ನಮ್ಮದು ಇಳಿದಿದೆ, ಬಾಗಿಲಿನ ಕಡೆಗೆ. ಬಾಗಿಲು ಹಲಸಿನದ್ದು, ಮಾರ್ಚಿನಲ್ಲಿ ಆಚಾರಿಯವರು ನೂಲು ತೂರದಷ್ಟು ಬಿಗಿಯಾಗಿ ಕೂರಿಸಿ ಶಹಬ್ಬಾಸ್ ಅನ್ನಿಸಿಕೊಂಡದ್ದು. ಎರಡು ತಿಂಗಳು ಮೇಲಿನಿಂದ ಮಳೆಯ ಹಸಿ, ಅಡಿಯಿಂದ ಸ್ನಾನದ ನೀರು ಕುಡಿದು ಅದು ಉಬ್ಬಿತು. ಅಷ್ಟಮಿಯ ಮರುದಿನದ ಉತ್ಸವ ವಿಟ್ಲಪಿಂಡಿಗೆಂದು ಬಂದ ಭಾವ ಬೆಳಿಗ್ಗೆ ಒಳಗೆ ಹೋಗಿ, ಬಲ ಹಾಕಿ ಬಾಗಿಲು ಹಾಕಿಕೊಂಡರು. ತೆಗೆಯಲಿಕ್ಕೆ ಆಗಲಿಲ್ಲ. ಬಡಿದರು. ಅಷ್ಟಮಿಯ ಸಮಯ, ಬೆಳಗಾದರೆ ಮನೆಮನೆಗೆ ಹುಲಿವೇಷ ಬರುತ್ತದೆ. ದಡಬಡ ಕೇಳಿ ನಾವು ತಾಸೆಯ ಶಬ್ದ ಎಂದುಕೊಂಡೆವು. ಮಗಳು ಹುಲಿ ಬಂತು ಎಂದು ಗೇಟಿಗೆ ಓಡಿದಳು. ನಾನು ಚಿಲ್ಲರೆ ಹುಡುಕುತ್ತಾ ನಿಂತೆ. ಬಡಿತ ಜೋರಾದಂತೆ, "ಈ ಸಲದ ಸೆಟ್ಟು ಒಳ್ಳೆಯದುಂಟು" ಎಂದೆನಂತೆ. ಭಾವನಿಗೆ ಒಳಗೆ ಅದು ಕೇಳಿಸಿದೆ.

ಕಡೆಗೆ ಹೊರಗಿನಿಂದ ನಾನು ಹೆಗಲು ಕೊಟ್ಟು ದೂಡಿ, ಒಳಗಿನಿಂದ ಅವರು ಎಳೆದು, ಬಾಗಿಲು ಬಿಟ್ಟುಕೊಟ್ಟಿತು. ಇಬ್ಬರೂ ಬಿದ್ದದ್ದು ನೀರು ನಿಂತ ಕಡೆಗೇ. "ಭಾವ, ಬಚ್ಚಲಿಗೆ ಫೈಬರ್ ಬಾಗಿಲು ಹಾಕಿಸಿ. ಮರವೇ ಬೇಕಾದರೆ ಒಂದು ನಾಣ್ಯ ಓಡಾಡುವಷ್ಟು ಸಂದಿ ಬಿಡಿಸಿ" ಎಂದರು, ಅಲ್ಲಿಯೇ ಕೂತು. ಟೈಲ್ಸ್ ಕೂರಿಸಿದ ದಿನವೇ ಒಂದು ಬಕೆಟು ನೀರು ಚೆಲ್ಲಿ ಅದು ಎಲ್ಲಿ ಹೋಗುತ್ತದೆ ನೋಡಬೇಕಿತ್ತು ಎಂದೂ ಸೇರಿಸಿದರು. ಈ ಬರಹದಲ್ಲಿ ಖಚಿತವಾಗಿ ನಂಬಬಹುದಾದ ಸಲಹೆ ಇದ್ದರೆ ಅದು ಅವರದ್ದು.

ದೀಪಾವಳಿ ಕಳೆದು ಮೇಳಗಳು ಮತ್ತೆ ಗೆಜ್ಜೆ ಕಟ್ಟಿದ ಮೇಲೆ ಮೇಸ್ತ್ರಿ ಪ್ರತ್ಯಕ್ಷರಾದರು. ಸಂದಿ ನೋಡಿದರು, ದಂಬೆ ನೋಡಿದರು, ನನ್ನನ್ನು ನೋಡಿದರು.

"ಇದಕ್ಕೆ ಒಂದೇ ದಾರಿ ಸರ್. ಇಡೀ ತಾರಸಿಯ ಮೇಲಿಂದ ಹಳೆ ಮಾಡಿನವರೆಗೆ ಶೀಟು ಹಾಕಿಬಿಡುವ. ಇಲ್ಲಿ ಎಲ್ಲರೂ ಹಾಕುವುದು ಹಾಗೆಯೇ."

ಹೌದು, ಉಡುಪಿಯಿಂದ ಮಂಗಳೂರಿನವರೆಗೆ ಬಸ್ಸಿನಲ್ಲಿ ಕೂತು ನೋಡಿದರೆ ತಲೆಯ ಮೇಲೆ ಶೀಟು ಹೊತ್ತ ತಾರಸಿಗಳೇ. ಮಾಡು ಬೇಡವೆಂದು ತಾರಸಿ ಹಾಕಿಸಿ, ತಾರಸಿಯನ್ನು ಕಾಯಲಿಕ್ಕೆ ಮತ್ತೊಂದು ಮಾಡು ಹಾಕಿಸುವವರು ನಾವು. ಬಟ್ಟೆ ಒಣಗಲಿಕ್ಕೆ, ಅಡಿಕೆ ತೆಂಗಿನಕಾಯಿ ರಾಶಿ ಹಾಕಲಿಕ್ಕೆ ಜಾಗ ಆಗುತ್ತದೆ ಎನ್ನುವುದು ನಿಜ. ಮೊದಲೇ ಯೋಚಿಸಿದ್ದರೆ ಸ್ಲಾಬ್ ಹಾಕುವಾಗಲೇ ಕಂಬಕ್ಕೆ ಕಬ್ಬಿಣ ಬಿಟ್ಟಿರಬಹುದಿತ್ತು, ಅದನ್ನೂ ಬರೆದುಕೊಳ್ಳಿ.

"ಯಾವಾಗ ಆಗ್ತದೆ?" ಕೇಳಿದೆ.

"ಪತ್ತನಾಜೆಯ ಒಳಗೆ ಖಂಡಿತ ಸರ್."

ಒಳಗೆ ಹೋಗಿ ಕಾಗದ ತಂದೆ. ಇಸವಿಯನ್ನು ಅವರ ಕೈಯಲ್ಲೇ ಬರೆಸಿಕೊಂಡೆ.